ಅಗಸ್ಟಸ್ ಡೆಸ್ಟೆಯ ರೋಗದಿನಚರಿ

ರೋಗಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ವೈದ್ಯರ ಗ್ರಂಥಗಳಿಂದ ಮೊದಲು ಮಾಡುವರು. ಇಂಥ ವರ್ಷದಲ್ಲಿ ಇಂಥ ಪಂಡಿತನು ಈ ರೋಗವನ್ನು ಗುರುತಿಸಿ ಇದಕ್ಕೆ ಈ ಹೆಸರನ್ನಿಟ್ಟನು ಎಂದು ಹೇಳಿದರೆ ಚರಿತ್ರಕಾರನ ಕೆಲಸವು ಮುಗಿದಂತೆ ತೋರುವುದು. ಆದರೆ ಹೆಸರು ಹುಟ್ಟುವುದಕ್ಕೆ ಬಹುಕಾಲ ಮುಂಚೆಯೇ ರೋಗವು ಇದ್ದೇ ಇರುವುದು; ಅದನ್ನು ಅನುಭವಿಸಿದವರೂ ಇದ್ದೇ ಇರುವರು. ಅವರಲ್ಲಿ ಹೆಚ್ಚು ಮಂದಿ ಏನನ್ನೂ ಬರೆದಿಡದೆ ಕಣ್ಮರೆಯಾದರು. ಈಗ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಪ್ರಸಿದ್ಧವಾಗಿರುವ ನರರೋಗದ ವಿಷಯದಲ್ಲಿ ಮಾತ್ರ ಅದೃಷ್ಟವಶದಿಂದ ಅಂಥದೊಂದು ಬರಹವು ಉಳಿದುಬಂದಿದೆ. ಅದನ್ನು ಬರೆದವನು ವೈದ್ಯನಲ್ಲ. ಇಂಗ್ಲೆಂಡಿನ ಅರಸು ಮೂರನೆಯ ಜಾರ್ಜನ ಮೊಮ್ಮಗನಾದ ಸರ್ ಅಗಸ್ಟಸ್ ಡೆಸ್ಟೆ ಎಂಬಾತನು ತನ್ನ ಮೈಯಲ್ಲಿ ಕಂಡ ವಿಕಾರಗಳನ್ನು 1822ರಿಂದ 1846ರ ವರೆಗೆ ಕ್ರಮವಾಗಿ ಗುರುತುಹಾಕಿಟ್ಟನು. ತನಗೆ ಬಂದಿದ್ದ ರೋಗದ ಹೆಸರನ್ನು ಆತನು ಕೇಳಿರಲಿಲ್ಲ; ಕೇಳುವಂತೆಯೂ ಇರಲಿಲ್ಲ. ಆತನು ತೀರಿಕೊಂಡ ಇಪ್ಪತ್ತು ವರ್ಷಗಳ ಮೇಲೆ ಆ ರೋಗಕ್ಕೆ ಹೆಸರು ಬಂದಿತು.

ದಿನಚರಿಯನ್ನು ತೆರೆಯುವ ಮುನ್ನ ಈ ರೋಗದ ಸ್ವಭಾವವನ್ನು ಎರಡು ಮಾತಿನಲ್ಲಿ ಹೇಳಬೇಕಾಗುವುದು. ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಕಣ್ಣಿನ ನರದಲ್ಲಿಯೂ ಇರುವ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯುಂಟು. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಹೇಗೋ ಹಾಗೆ. ಹೊರಗಿನ ಕ್ರಿಮಿಗಳಿಂದ ದೇಹವನ್ನು ಕಾಯುವುದಕ್ಕಾಗಿ ರಕ್ತದಲ್ಲಿ ಸಂಚರಿಸುವ ಕಾವಲುಕಣಗಳು ಈ ರೋಗದಲ್ಲಿ ದಾರಿ ತಪ್ಪಿ ಆ ಹೊದಿಕೆಯನ್ನೇ ಶತ್ರುವೆಂದೆಣಿಸಿ ಅಲ್ಲಲ್ಲಿ ತಿಂದುಹಾಕುವುವು. ಬೇಲಿಯೇ ಎದ್ದು ಹೊಲವನ್ನು ಮೇಯ್ದಿತೆಂಬ ಗಾದೆಗೆ ಇದಕ್ಕಿಂತ ಸರಿಯಾದ ನಿದರ್ಶನವು ವೈದ್ಯಶಾಸ್ತ್ರದಲ್ಲಿ ದೊರೆಯಲಾರದು. ಮೇದ ಜಾಗವು ಕಣ್ಣಿನ ನರದಲ್ಲಿದ್ದರೆ ದೃಷ್ಟಿ ಮಬ್ಬಾಗುವುದು. ಬೆನ್ನುಹುರಿಯಲ್ಲಿದ್ದರೆ ಕಾಲು ಜೋಮು ಹಿಡಿಯುವುದು. ಮಿದುಳಿನ ಬುಡದಲ್ಲಿದ್ದರೆ ಒಂದು ವಸ್ತುವು ಎರಡಾಗಿ ಕಾಣುವುದು. ಕೆಲವು ವಾರಗಳ ಮೇಲೆ ಊತವಿಳಿದು ಹೊದಿಕೆಯು ಅಷ್ಟಿಷ್ಟು ಮರಳಿ ಬೆಳೆದರೆ ಬಂದ ವಿಕಾರವು ತಾನಾಗಿಯೇ ಹೋಗುವುದು. ಹೀಗೆ ಬಂದು ಹೋಗುವುದೇ ಇದರ ಮೊದಲ ಲಕ್ಷಣಗಳ ವೈಚಿತ್ರ್ಯ. ರೋಗವೆಂದರೆ ಬಂದು ಬಲಿತು ಉಳಿಯತಕ್ಕದ್ದು ಎಂದು ನಂಬಿದ್ದ ಕಾಲದಲ್ಲಿ, ಬಂದು ಹೊರಟುಹೋದದ್ದನ್ನು ರೋಗವೆಂದು ಯಾರೂ ಒಪ್ಪಲಿಲ್ಲ.

ಡೆಸ್ಟೆಯ ಜನ್ಮವೃತ್ತಾಂತವೇ ಒಂದು ವ್ಯಾಜ್ಯ. ಮೂರನೆಯ ಜಾರ್ಜನ ಆರನೆಯ ಮಗನಾದ ಅಗಸ್ಟಸ್ ಫ್ರೆಡರಿಕನು 1793ರಲ್ಲಿ ರೋಮ್ ನಗರದಲ್ಲಿದ್ದಾಗ ಡನ್ಮೋರ್ ಪ್ರಭುವಿನ ಮಗಳು ಲೇಡಿ ಅಗಸ್ಟಾ ಮರೆ ಎಂಬವಳನ್ನು ಮೋಹಿಸಿ ಗುಟ್ಟಾಗಿ ಮದುವೆಯಾದನು. ಅದೇ ವರ್ಷದ ಕೊನೆಗೆ ಲಂಡನ್ನಿನ ಒಂದು ದೇವಾಲಯದಲ್ಲಿ ಮತ್ತೊಮ್ಮೆ ಮದುವೆ ನಡೆಯಿತು. ಆದರೆ ಅರಸುಮನೆತನದವರು ದೊರೆಯ ಅಪ್ಪಣೆಯಿಲ್ಲದೆ ವಿವಾಹವಾಗಕೂಡದೆಂದು 1772ರ ಕಾಯಿದೆಯೊಂದು ವಿಧಿಸಿದ್ದಿತು. (ಆ ಕಾಯಿದೆಯು 2015ರ ವರೆಗೂ ಜೀವಂತವಾಗಿದ್ದಿತೆಂಬುದು ಆಶ್ಚರ್ಯ.) ದೊರೆಯು ಸಿಟ್ಟಾದನು, 1794ರಲ್ಲಿ ಧರ್ಮನ್ಯಾಯಸ್ಥಾನವು ಆ ಮದುವೆಯನ್ನು ಮದುವೆಯೇ ಅಲ್ಲವೆಂದು ತೀರ್ಪಿತ್ತಿತು. ಅಷ್ಟರಲ್ಲಿ ಅದೇ ವರ್ಷದ ಜನವರಿಯಲ್ಲಿ ಮಗುವು ಹುಟ್ಟಿಯಾಗಿದ್ದಿತು. ತಂದೆಯ ಮನೆತನದ ಹೆಸರನ್ನು ಇಟ್ಟುಕೊಳ್ಳಲು ಹಕ್ಕಿಲ್ಲದ ಆ ಮಗುವಿಗೆ, ತಾಯಿತಂದೆಗಳ ಇಬ್ಬರ ವಂಶಕ್ಕೂ ಮೂಲವೆನ್ನಲಾದ ಇಟಲಿಯ ಎಸ್ಟೆ ಮನೆತನದ ಹೆಸರನ್ನು ಕೊಟ್ಟರು. ತಂದೆಯು ಮುಂದೆ ಸಸೆಕ್ಸಿನ ಡ್ಯೂಕನಾಗಿ ಆಕೆಯನ್ನು ಬಿಟ್ಟನು. ತಾಯಿಯು ಸಮುದ್ರತೀರದ ರಾಮ್ಸ್‌ಗೇಟಿನಲ್ಲಿ ಮಗನನ್ನೂ ಮಗಳನ್ನೂ ಕಟ್ಟಿಕೊಂಡು, ತಾನು ಧರ್ಮಪತ್ನಿಯೇ ಎಂದು ಕೊನೆಯವರೆಗೂ ಸಾಧಿಸುತ್ತ ಬಾಳಿದಳು.

ಹುಡುಗನು ಹ್ಯಾರೋ ಶಾಲೆಯಲ್ಲಿ ಓದಿದನು, ಸೈನ್ಯವನ್ನು ಸೇರಿದನು, ಅಮೆರಿಕದವರೊಡನೆ ನಡೆದ ನ್ಯೂ ಆರ್ಲಿಯನ್ಸಿನ ಕದನದಲ್ಲಿಯೂ ಇದ್ದನು. ಮೈಕಟ್ಟು ಚೆನ್ನಾಗಿದ್ದಿತು. ಹದಿನಾಲ್ಕನೆಯ ವಯಸ್ಸಿನ ಸುಮಾರಿಗೆ ದಡಾರವೆದ್ದುದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಕಾಯಿಲೆಯಾವುದೂ ಆತನಿಗೆ ಬಂದಿರಲಿಲ್ಲ.

1822ರ ಡಿಸೆಂಬರಿನಲ್ಲಿ, ಇಪ್ಪತ್ತೆಂಟು ತುಂಬಿ ಇಪ್ಪತ್ತೊಂಬತ್ತಕ್ಕೆ ಕಾಲಿಡುತ್ತಿದ್ದ ಡೆಸ್ಟೆಯು ಸ್ಕಾಟ್ಲೆಂಡಿನ ಬೆಟ್ಟಸೀಮೆಗೆ ಹೊರಟನು. ತಾನು ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವೊಬ್ಬನೊಡನೆ ಕೆಲವು ದಿನಗಳನ್ನು ಕಳೆಯಬೇಕೆಂಬುದು ಆತನ ಆಶೆ. ಹೋಗಿ ನೋಡುವಾಗ ಆ ಬಂಧುವು ತೀರಿಕೊಂಡಿದ್ದನು. ಆತನನ್ನು ಹೂಳುವಾಗ ಸುತ್ತಲೂ ಜನರಿದ್ದರು. ಅವರೆದುರಿನಲ್ಲಿ ಕಣ್ಣೀರು ಸುರಿಸಬಾರದೆಂದು ಡೆಸ್ಟೆಯು ಬಹಳವಾಗಿ ಹೆಣಗಿ ದುಃಖವನ್ನು ನುಂಗಿಕೊಂಡನು. ಇದಾದ ಸ್ವಲ್ಪ ಕಾಲದಲ್ಲಿಯೇ ತನಗೆ ಬಂದ ಕಾಗದಗಳನ್ನು ಬೇರೆಯವರಿಂದ ಓದಿಸಿ ಅವರಿಂದಲೇ ಉತ್ತರ ಬರೆಯಿಸಬೇಕಾಯಿತು. ಸಣ್ಣ ವಸ್ತುಗಳ ಮೇಲೆ ಕಣ್ಣು ನೆಟ್ಟರೆ ಎಲ್ಲವೂ ಮಸುಕಾಗುತ್ತಿದ್ದಿತು. ಈ ದೋಷವು ಮೊದಲು ತಿಳಿದುದು ಹೇಗೆಂಬುದನ್ನೂ ಆತನು ಬರೆದಿರುವನು: ಓದಲು ಕುಳಿತಾಗ, ಇಲ್ಲವೆ ಲೇಖನಿಯ ಮೊನೆಯನ್ನು ಹೆರೆಯಲು ಹೊರಟಾಗ. ಆಗ ಹಕ್ಕಿಯ ಗರಿಯನ್ನು ಚಾಕುವಿನಿಂದ ಸೀಳಿ ಮೊನೆಮಾಡಿ ಬರೆಯುವ ಕಾಲ. ಆ ಕೆಲಸಕ್ಕೆ ಸೂಕ್ಷ್ಮದೃಷ್ಟಿ ಬೇಕು. ಬೆಟ್ಟಗಳೂ ಮನೆಗಳೂ ಮನುಷ್ಯರ ಮುಖಗಳೂ ಎಂದಿನಂತೆ ಕಾಣುತ್ತಿದ್ದುದರಿಂದ, ಗರಿಯನ್ನು ಕೈಗೆ ತೆಗೆದುಕೊಳ್ಳುವ ತನಕ ತನ್ನ ಕಣ್ಣಿಗೆ ಏನೋ ಆಗಿದೆಯೆಂಬುದು ಆತನಿಗೇ ಗೊತ್ತಾಗಿರಲಿಲ್ಲ.

ಅನಂತರ ಆತನು ಐರ್ಲೆಂಡಿಗೆ ಹೋದನು. ಕಣ್ಣಿಗೆ ಯಾವ ಔಷಧವನ್ನೂ ಹಾಕಿಸಲಿಲ್ಲ. ಆದರೂ ದೃಷ್ಟಿಯು ಮೊದಲಿನಂತೆಯೇ ನಿಚ್ಚಳವಾಯಿತು.

ಈ ಒಂದು ಪುಟ್ಟ ವರದಿಯನ್ನು ಇಂದಿನ ನರವೈದ್ಯನು ಓದಿದರೆ ಆತನಿಗೆ ಮತ್ತೆ ಹೆಚ್ಚು ಹೇಳಬೇಕಾಗಿಲ್ಲ. ಇಪ್ಪತ್ತರಿಂದ ನಲವತ್ತರ ಒಳಗಿನ ವಯಸ್ಸು, ಕೆಲವು ದಿನಗಳಲ್ಲಿ ಮಂಕಾದ ದೃಷ್ಟಿ, ಕೆಲವು ವಾರಗಳಲ್ಲಿ ತಾನಾಗಿ ಆದ ಗುಣ: ಇದು ಕಣ್ಣಿನ ನರದ ಉರಿಯೂತದ ಮಾದರಿಯ ಚಿತ್ರ. ಆದರೆ 1822ರಲ್ಲಿ ಇದನ್ನು ಕಂಡವರಿಗೆ ತೋಚಬಹುದಾಗಿದ್ದುದು ಬೇರೆ. ಅಳು ಬರುತ್ತಿದ್ದರೂ ಅಳದೆ ತಡೆದುಕೊಂಡನು. ತಡೆದ ಕಣ್ಣೀರು ಕಣ್ಣನ್ನು ಕೆಡಿಸಿತು. ಎಷ್ಟು ಸಹಜವಾದ ಊಹೆ! ಡೆಸ್ಟೆಯು ಸಾವನ್ನೂ ಮಬ್ಬನ್ನೂ ಒಂದರ ಹಿಂದೆ ಒಂದಾಗಿ ಬರೆದಿರುವುದನ್ನು ನೋಡಿದರೆ ಆತನ ಮನಸ್ಸೂ ಆ ಕಡೆಗೇ ವಾಲಿದ್ದಂತೆ ಕಾಣುವುದು. ಆದರೂ ಆತನು ದುಃಖವೇ ಕಾರಣವೆಂದು ಸಿದ್ಧಾಂತ ಮಾಡಿ ಘಟನೆಯನ್ನು ಅದಕ್ಕೆ ತಕ್ಕಂತೆ ತಿದ್ದಲಿಲ್ಲ. ಔಷಧವಿಲ್ಲದೆ ವಾಸಿಯಾಯಿತೆಂಬ ಮಾತನ್ನು ಮರೆಮಾಡಲಿಲ್ಲ. ಇಡೀ ದಿನಚರಿಯ ಬೆಲೆಯು ಈ ಒಂದು ಗುಣದಲ್ಲಿದೆ.

1826ರಲ್ಲಿ ಕಣ್ಣಿನ ತೊಂದರೆಯು ಮರುಕಳಿಸಿ ಮತ್ತೆ ಹೋಯಿತು. ಮರುವರ್ಷದ ಶರತ್ಕಾಲದಲ್ಲಿ ಆತನು ಇಟಲಿಯ ಫ್ಲಾರೆನ್ಸ್ ನಗರದಲ್ಲಿದ್ದನು. ಅಲ್ಲಿ ಒಂದೊಂದು ವಸ್ತುವೂ ಎರಡೆರಡಾಗಿ ಕಾಣತೊಡಗಿತು. ಒಂದೊಂದು ಕಣ್ಣೂ ತನ್ನದೇ ಆದ ಬೇರೆ ನೋಟವನ್ನು ನೋಡುತ್ತಿರುವಂತೆ ಆಯಿತು. ಅಲ್ಲಿಯ ವೈದ್ಯನು ಪರೀಕ್ಷಿಸಿ ಇದಕ್ಕೆ ಪಿತ್ತವೇ ಕಾರಣವೆಂದನು. ಪಿತ್ತವೆಂದಮೇಲೆ ಮಾಡಬೇಕಾದುದು ಸಿದ್ಧವಾಗಿಯೇ ಇದ್ದಿತು: ಕಣತಲೆಗೆ ಜಿಗಣೆಗಳನ್ನು ಹಚ್ಚಿ ರಕ್ತ ತೆಗೆಸಿದನು, ಭೇದಿಗೆ ಕೊಟ್ಟನು, ವಾಂತಿ ಮಾಡಿಸಿದನು, ತೋಳಿನಿಂದಲೂ ರಕ್ತ ತೆಗೆದನು. ಕೆಲವು ದಿನಗಳಲ್ಲಿ ಎರಡಾಗಿ ಕಾಣುತ್ತಿದ್ದುದು ಒಂದಾಯಿತು. ಕಣ್ಣುಕತ್ತಲೆ ಬಂದವರಿಗೆಲ್ಲ ಪಿತ್ತವೇರಿದೆಯೆಂದು ಹೇಳುವ ರೂಢಿಯು ಕನ್ನಡನಾಡಿನ ಮನೆಗಳಿಗೆ ಹೊಸದೇನೂ ಅಲ್ಲವಾದ್ದರಿಂದ, ಫ್ಲಾರೆನ್ಸಿನ ವೈದ್ಯನನ್ನು ನೋಡಿ ವಾಚಕರು ನಗುವ ಕಾರಣವಿಲ್ಲ.

ಕಾಗೆ ಕುಳಿತುಕೊಳ್ಳುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ ಜಿಗಣೆಗೂ ಗುಣಕ್ಕೂ ಸಂಬಂಧ ಕೂಡಿತು. 1822ರಲ್ಲಿ ಔಷಧವಿಲ್ಲದೆ ಹೋದ ಮಬ್ಬನ್ನು ಜ್ಞಾಪಿಸಿಕೊಂಡಿದ್ದರೆ ವೈದ್ಯನಿಗೆ ಸಂದೇಹ ಬರಬೇಕಾಗಿದ್ದಿತು. ಆದರೆ ಐದು ವರ್ಷಗಳ ಹಿಂದೆ ಬೇರೊಂದು ದೇಶದಲ್ಲಿ ಬಂದುಹೋದ ಮಬ್ಬಿಗೂ ಈ ಇಬ್ಬಗೆಯ ನೋಟಕ್ಕೂ ಒಂದೇ ಬೇರೆಂದು ಎಣಿಸಲು ಆ ಕಾಲದ ಶಾಸ್ತ್ರದಲ್ಲಿ ಎಡೆಯಿರಲಿಲ್ಲ. ಅವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದುದು ರೋಗಿಯ ಲೇಖನಿಯೊಂದೇ.

ಕಣ್ಣು ಸರಿಹೋದ ಬೆನ್ನಿಗೇ, ಹೊಸದೊಂದು ವ್ಯಾಧಿಯು ತೋರಿತೆಂದು ಆತನು ಬರೆಯುವನು. ದಿನದಿನಕ್ಕೂ ಕಾಲಿನ ಬಲವು ಇಳಿಯತೊಡಗಿತು. ಬೆನ್ನಿನ ಕೊನೆಯ ಭಾಗದಲ್ಲಿ ಸ್ಪರ್ಶವೇ ಇಲ್ಲದಂತೆ ಮರಗಟ್ಟಿತು. 1827ರ ಡಿಸೆಂಬರಿನಲ್ಲಿ ಒಂದೇ ದಿನ ಎರಡು ಸಲ ಎದ್ದು ನಿಲ್ಲಲು ಹೋಗಿ ನೆಲದ ಮೇಲೆ ಬಿದ್ದನು. ಸುಮಾರು ಮೂರು ವಾರಗಳ ಕಾಲ ಇದೇ ಸ್ಥಿತಿ. ಈಗ ಇನ್ನೊಬ್ಬ ವೈದ್ಯನ ಮಾತಿನಂತೆ ಹಿಂದಿನ ಕ್ರಮವನ್ನು ತಲೆಕೆಳಗು ಮಾಡಲಾಯಿತು. ಮೊದಲಿನವನು ರಕ್ತವನ್ನು ತೆಗೆದು ಬಡವಾಗಿಸಿದರೆ, ಇವನು ದಿನಕ್ಕೆರಡು ಸಲ ಗೋಮಾಂಸದ ಊಟವನ್ನೂ ಬಗೆಬಗೆಯ ಮದ್ಯವನ್ನೂ ವಿಧಿಸಿ ಪುಷ್ಟಿಗೊಳಿಸಹೊರಟನು, ಮೈಯನ್ನು ತಿಕ್ಕಿಸಿದನು. ಕಾಲಿನ ಬಲವು ಮೆಲ್ಲಮೆಲ್ಲನೆ ಮರಳಿತು. ಒಬ್ಬನೇ ರೋಗಿ, ಒಂದೇ ಋತು; ಉಪವಾಸದ ವೈದ್ಯನೂ ಗೆದ್ದನು, ಊಟದ ವೈದ್ಯನೂ ಗೆದ್ದನು. ತಾನಾಗಿ ಹಿಮ್ಮೆಟ್ಟುವ ರೋಗದಲ್ಲಿ ಯಾವ ಚಿಕಿತ್ಸೆಗಾದರೂ ಕೀರ್ತಿ ಬರುವುದೆಂಬುದನ್ನು ಈ ಎರಡು ಪುಟಗಳು ತೋರಿಸುವಷ್ಟು ಸ್ಪಷ್ಟವಾಗಿ ಯಾವ ಪಾಠಪುಸ್ತಕವೂ ತೋರಿಸಲಾರದು.

ಆಮೇಲಿನ ಇಪ್ಪತ್ತು ವರ್ಷಗಳ ಕಥೆಯು ಇಳಿಜಾರಿನದು. ಮೂತ್ರವಿಸರ್ಜನೆಯ ತೊಂದರೆ, ರಾತ್ರಿಯ ಹೊತ್ತು ಕಾಲುಗಳ ಸೆಳೆತ, 1843ರಲ್ಲಿ ತಲೆಸುತ್ತು. ನಡೆಯಲು ಮೊದಲು ಕೋಲು ಬೇಕಾಯಿತು, ಆಮೇಲೆ ಗಾಲಿಯ ಕುರ್ಚಿ ಬೇಕಾಯಿತು. ಜರ್ಮನಿಯ ಬುಗ್ಗೆಗಳ ಸ್ನಾನವೂ ಬಗೆಬಗೆಯ ಲೇಪಗಳೂ ನಡೆದುವು. ಇಷ್ಟಾದರೂ ಆತನು ಕೈಕಟ್ಟಿ ಕುಳಿತಿರಲಿಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳ ನೆಲವನ್ನು ಬಿಳಿಯರು ಕಸಿದುಕೊಳ್ಳುತ್ತಿದ್ದುದನ್ನು ಕಂಡು ಮರುಗಿ ಅವರ ಪರವಾಗಿ ದುಡಿದನು. ಓಜಿಬ್ವೆ ಕುಲದ ಧರ್ಮಬೋಧಕ ಪೀಟರ್ ಜೋನ್ಸನು ಆತನ ಗೆಳೆಯನಾಗಿದ್ದನು. ಸ್ವಂತ ಹಕ್ಕಿಗಾಗಿಯೂ ಹೋರಾಡಿದನು. 1843ರಲ್ಲಿ ತಂದೆಯು ತೀರಿಕೊಂಡಾಗ ಸಸೆಕ್ಸಿನ ಡ್ಯೂಕ್ ಪದವಿಯು ತನಗೆ ಬರತಕ್ಕದ್ದೆಂದು ಪ್ರಭುಗಳ ಸಭೆಯಲ್ಲಿ ವಾದ ಹೂಡಿದನು. ರೋಮಿನಲ್ಲಾದ ಮದುವೆಗೆ ಇಂಗ್ಲೆಂಡಿನ ಕಾಯಿದೆಯು ಹತ್ತುವುದೇ ಎಂಬುದು ಪ್ರಶ್ನೆ. ಹತ್ತುವುದೆಂದು 1844ರಲ್ಲಿ ತೀರ್ಮಾನವಾಯಿತು, ಡೆಸ್ಟೆಯು ಸೋತನು. ಆತನ ರೋಗದ ಸುದ್ದಿಯನ್ನರಿಯದ ವಕೀಲರೂ ಆತನ ಈ ಮೊಕದ್ದಮೆಯನ್ನು ಬಲ್ಲರು. ಕಾಯಿದೆಯ ಮಾತುಗಳು ಸ್ಪಷ್ಟವಾಗಿದ್ದರೆ ಅವುಗಳ ಸಹಜವಾದ ಅರ್ಥವನ್ನೇ ಹಿಡಿಯಬೇಕೆಂಬ ನಿಯಮಕ್ಕೆ ಆಧಾರವಾಗಿ ಸಸೆಕ್ಸ್ ಪದವಿಯ ಮೊಕದ್ದಮೆಯನ್ನು ಭಾರತದ ನ್ಯಾಯಾಲಯಗಳೂ ಎತ್ತಿಹೇಳುತ್ತ ಬಂದಿವೆ. 1848ರ ಡಿಸೆಂಬರಿನಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಅವಿವಾಹಿತನಾಗಿಯೇ ಆತನು ಮೃತನಾದನು. ದಿನಚರಿಯನ್ನು ಯಾರೂ ಕೇಳಲಿಲ್ಲ.

ಡೆಸ್ಟೆಯು ಮನೆಯಲ್ಲಿ ಕುಳಿತು ಬರೆಯುತ್ತಿದ್ದ ಆ ಕಾಲದಲ್ಲಿಯೇ, ಆತನ ರೋಗದ ಇನ್ನೊಂದು ಮುಖವನ್ನು ಇಬ್ಬರು ಪಂಡಿತರು ಶವಪರೀಕ್ಷೆಯ ಮೇಜಿನ ಮೇಲೆ ಕಾಣುತ್ತಿದ್ದರು. ಲಂಡನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ರಾಬರ್ಟ್ ಕಾರ್ಸ್‌ವೆಲ್ಲನು 1838ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ ಬೆನ್ನುಹುರಿಯ ಮೇಲಿನ ಕಲೆಗಳನ್ನು ಬಣ್ಣಗಳಲ್ಲಿ ತೋರಿಸಿದನು. ಪ್ಯಾರಿಸ್ಸಿನ ಕ್ರೂವೇಯೆಯು ಅದೇ ಸುಮಾರಿನಲ್ಲಿ ಅಂಥ ಕಲೆಗಳನ್ನೇ ಕಂಡು ಚಿತ್ರಿಸಿದನು. ಕಲೆಗಳನ್ನು ಕಂಡವರ ಕೈಯಲ್ಲಿ ಮೊದಲ ಲಕ್ಷಣಗಳ ಕಥೆಯಿರಲಿಲ್ಲ. ಕಥೆಯಿದ್ದ ಡೆಸ್ಟೆಗೆ ಕಲೆಗಳ ಸುದ್ದಿಯಿರಲಿಲ್ಲ. ಇವೆರಡನ್ನೂ ಕೂಡಿಸಿದವನು ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಜ್ಯಾಂ ಮಾರ್ತಾಂ ಶಾರ್ಕೋ. 1868ರಲ್ಲಿ ಆತನು ಇದನ್ನು ಗಟ್ಟಿಕಲೆಗಳ ರೋಗವೆಂಬರ್ಥದ ಫ್ರೆಂಚ್ ಹೆಸರಿನಿಂದ ವರ್ಣಿಸಿ, ಕಣ್ಣುಗುಡ್ಡೆಗಳ ಅದುರಾಟ, ಏನನ್ನಾದರೂ ಹಿಡಿಯಹೋದಾಗ ಕೈಗೆ ಬರುವ ನಡುಕ, ತಡೆತಡೆದು ಬರುವ ಮಾತು ಎಂಬ ಮೂರು ಚಿಹ್ನೆಗಳನ್ನು ಹೇಳಿದನು.

ಶಾರ್ಕೋವಿನ ಮನೆಯ ಕೆಲಸದವಳ ಕಥೆಯನ್ನು ಆತನ ಶಿಷ್ಯ ಫ್ರಾಯ್ಡನು 1893ರಲ್ಲಿ ಗುರುವಿನ ಸಂಸ್ಮರಣೆಯನ್ನು ಬರೆಯುವಾಗ ಹೇಳಿರುವನು. ಆಕೆಯ ಕೈ ನಡುಗುತ್ತಿದ್ದಿತು. ಅದರಿಂದಾಗಿ ಎಲ್ಲಿಯೂ ಕೆಲಸ ದೊರೆಯುತ್ತಿರಲಿಲ್ಲ. ಶಾರ್ಕೋ ಆ ನಡುಕವನ್ನು ಕಂಡು, ತಿಳಿದೂ ತಿಳಿದೂ ಆಕೆಯನ್ನು ಮನೆಯಲ್ಲಿಟ್ಟುಕೊಂಡನು. ವರ್ಷಗಟ್ಟಲೆ ಆಕೆ ಒಡೆದ ತಟ್ಟೆ ಬಟ್ಟಲುಗಳಿಗೆ ಸಣ್ಣದೊಂದು ಆಸ್ತಿಯಷ್ಟು ಹಣ ಹೋಯಿತಂತೆ. ಕೊನೆಗೆ ಆಕೆ ಸತ್ತಾಗ ಶವವನ್ನು ಪರೀಕ್ಷಿಸಿ, ಆ ನಡುಕವು ಈ ರೋಗದ್ದೇ ಎಂದು ಸಿದ್ಧಪಡಿಸಿದನು. ಶಾಸ್ತ್ರಕ್ಕಾಗಿ ತಟ್ಟೆಗಳನ್ನು ಕಳೆದುಕೊಂಡ ಯಜಮಾನನನ್ನು ಜನರು ಹೊಗಳಿರುವರು. ತನ್ನನ್ನು ಏಕೆ ಇಟ್ಟುಕೊಂಡಿರುವರೆಂಬುದು ಆ ಹೆಂಗಸಿಗೆ ತಿಳಿದಿದ್ದಿತೋ ಇಲ್ಲವೋ ಎಂದು ಕೇಳಿದವರು ಕಡಮೆ.

ಶಾರ್ಕೋ ಹೇಳಿದ ಮೂರು ಚಿಹ್ನೆಗಳು ಬಲಿತ ರೋಗದವು, ಮೊಳಕೆಯವಲ್ಲ. ರೋಗಕ್ಕೆ ಕಾರಣವಾಗಬಹುದಾದವುಗಳಲ್ಲಿ ಬಹುಕಾಲದ ದುಃಖವನ್ನೂ ಮನಸ್ತಾಪವನ್ನೂ ಆತನು ಎಣಿಸಿದನು. ಅಂದಮೇಲೆ ಮೊಳಕೆಯ ಕಾಲದ ರೋಗಿಗೆ ನ್ಯಾಯವು ಸಿಕ್ಕುವುದು ಇನ್ನೂ ದೂರವಿದ್ದಿತು. ಈ ರೋಗವು ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಾಲು ಹೆಚ್ಚಾಗಿ ಬರುವುದು. ಹರೆಯದ ಹೆಂಗಸು ಬಂದು, ಹೋದ ತಿಂಗಳು ಕಾಲಿನಲ್ಲಿ ಶಕ್ತಿಯಿರಲಿಲ್ಲ, ಈಗ ಇದೆ. ಮೊನ್ನೆ ಕಣ್ಣು ಮಬ್ಬಾಗಿತ್ತು, ಇಂದು ಕಾಣುತ್ತದೆ ಎಂದರೆ, ಆ ಕಾಲದ ವೈದ್ಯನು ಹಿಸ್ಟೀರಿಯಾ ಎಂದು ಬರೆದು ಮುಂದಿನವರನ್ನು ಕರೆಯುತ್ತಿದ್ದನು. ಪಕ್ಕದ ಮನೆಯವರು ಅಷ್ಟು ದೊಡ್ಡ ಶಬ್ದವನ್ನು ಬಳಸದೆ, ಕೆಲಸ ತಪ್ಪಿಸಿಕೊಳ್ಳುವ ಉಪಾಯವೆನ್ನುತ್ತಿದ್ದರು.

ಬೀಜದ ಹಂತದ ವಿಚಿತ್ರಗಳನ್ನು ಒಂದೊಂದಾಗಿ ಗುರುತಿಸಿದವರು ಆಮೇಲೆ ಬಂದರು. ಜರ್ಮನಿಯ ನೇತ್ರವೈದ್ಯ ಊಟ್‌ಹೋಫನು 1890ರಲ್ಲಿ, ಕೆಲವು ರೋಗಿಗಳಿಗೆ ಬಿರುಸಾಗಿ ನಡೆದ ಬಳಿಕ ದೃಷ್ಟಿಯು ಮಂಕಾಗಿ ದಣಿವಾರಿದಮೇಲೆ ತಿಳಿಯಾಗುವುದೆಂದು ಬರೆದನು. ದಣಿವಲ್ಲ, ಮೈಯ ಕಾವೇ ಇದಕ್ಕೆ ಕಾರಣವೆಂಬುದು ಮುಂದೆ ತಿಳಿದುಬಂದಿತು: ಹೊದಿಕೆ ಕಳೆದುಕೊಂಡ ನರವು ಸ್ವಲ್ಪ ಬಿಸಿಯಾದರೂ ಸಂದೇಶವನ್ನು ಸಾಗಿಸಲಾರದು. ಬಿಸಿನೀರಿನ ತೊಟ್ಟಿಯಲ್ಲಿ ರೋಗಿಯನ್ನು ಕೂರಿಸಿ ಹುದುಗಿದ್ದ ಲಕ್ಷಣವನ್ನು ಹೊರಗೆ ತರುವ ಪರೀಕ್ಷೆಯು ಬಹುಕಾಲ ನಡೆಯಿತು. ಅಭ್ಯಂಜನ ಮಾಡಿ ಹಂಡೆಯ ನೀರು ಹೊಯ್ದುಕೊಂಡು ಬಂದವರು ಕಣ್ಣು ಮಂಜಾಯಿತೆಂದರೆ ಮನೆಯ ಹಿರಿಯರು ಏನೆನ್ನುವರೆಂಬುದನ್ನು ಹೇಳಬೇಕಾಗಿಲ್ಲ. 1924ರಲ್ಲಿ ಫ್ರಾನ್ಸಿನ ಲೆರ್ಮಿತ್ತನು ಇನ್ನೂ ವಿಚಿತ್ರವಾದುದನ್ನು ಪ್ರಸಿದ್ಧಿಗೆ ತಂದನು. ತಲೆಯನ್ನು ಎದೆಯ ಕಡೆಗೆ ಬಗ್ಗಿಸಿದೊಡನೆಯೇ ಕೊರಳಿನಿಂದ ಬೆನ್ನಿನುದ್ದಕ್ಕೂ ಕಾಲಿನ ತನಕ ವಿದ್ಯುತ್ತು ಹರಿದಂತೆ ಝುಮ್ಮೆನ್ನುವುದು, ತಲೆಯೆತ್ತಿದರೆ ನಿಲ್ಲುವುದು. ನೋವೂ ಅಲ್ಲ, ಜೋಮೂ ಅಲ್ಲ. ಇಂಥದನ್ನು ಹೇಳಿದರೆ ಹುಚ್ಚೆಂದಾರೆಂಬ ಹೆದರಿಕೆಯಿಂದ ವೈದ್ಯನು ತಾನಾಗಿ ಕೇಳುವ ತನಕ ಸುಮ್ಮನಿರುವ ರೋಗಿಗಳು ಈಗಲೂ ಇರುವರು. ಎದೆಯ ಸುತ್ತ ಪಟ್ಟಿಯನ್ನು ಬಿಗಿದು ಕಟ್ಟಿದಂತಾಗುವುದು, ಕೆನ್ನೆಯಲ್ಲಿ ಮಿಂಚಿನಂತೆ ನೋವು ಹೊಡೆಯುವುದು, ಕೈಯಲ್ಲಿ ಬಲವಿದ್ದರೂ ಹಿಡಿದ ವಸ್ತುವಿನ ಅರಿವಿಲ್ಲದೆ ಅದು ಜಾರಿ ಬೀಳುವುದು: ಇವೂ ಅದೇ ಬಳಗದವು.

ಹೆಸರು ದೊರೆತಮೇಲೆ ರೋಗಿಯ ಪಾಡು ಸುಧಾರಿಸಿತೆ? ಇನ್ನೊಂದು ದಿನಚರಿಯು ಇದಕ್ಕೆ ಉತ್ತರ ಕೊಡುವುದು. ಬ್ರೂಸ್ ಕಮ್ಮಿಂಗ್ಸ್ ಎಂಬಾತನು 1889ರಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಪತ್ರಿಕಾ ವರದಿಗಾರನೊಬ್ಬನ ಮಗನಾಗಿ ಹುಟ್ಟಿ, ಯಾರ ನೆರವೂ ಇಲ್ಲದೆ ಪ್ರಾಣಿಶಾಸ್ತ್ರವನ್ನು ಕಲಿತು, ಲಂಡನ್ನಿನ ಪ್ರಕೃತಿಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಕೀಟಗಳ ವಿಭಾಗದ ಕೆಲಸವನ್ನು ಸಂಪಾದಿಸಿದನು. ಕೈಯ ಜೋಮು, ಎದೆಬಡಿತ, ಕಣ್ಣಿನ ತೊಂದರೆ ಎಂದು ಆತನು ವೈದ್ಯರಿಂದ ವೈದ್ಯರಿಗೆ ಅಲೆದನು. ಅವರು ಧೈರ್ಯ ಹೇಳಿ ಕಳುಹಿಸಿದರು. 1915ರಲ್ಲಿ ಮದುವೆಯಾಯಿತು. ಅದೇ ವರ್ಷದ ನವಂಬರಿನಲ್ಲಿ ಯುದ್ಧಕ್ಕಾಗಿ ಜನರನ್ನು ಸೇರಿಸಿಕೊಳ್ಳುವ ಕಚೇರಿಗೆ ಹೋಗುವಾಗ ವೈದ್ಯನು ಒಂದು ಮುದ್ರೆಯ ಲಕೋಟೆಯನ್ನು ಕೊಟ್ಟಿದ್ದನು. ಅಲ್ಲಿಯವರು ಆತನ ಎದೆಯನ್ನು ಪರೀಕ್ಷಿಸಿದೊಡನೆಯೇ ಬೇಡವೆಂದುದರಿಂದ ಲಕೋಟೆಯು ಹಾಗೆಯೇ ಉಳಿಯಿತು. ಮರಳಿ ಬರುವಾಗ ರೈಲಿನಲ್ಲಿ ಕುತೂಹಲ ತಡೆಯಲಾರದೆ ಒಡೆದು ಓದಿದನು. ತನ್ನ ರೋಗದ ಹೆಸರು ಆತನಿಗೆ ತಿಳಿದುದು ಹೀಗೆ. ಹೆಂಡತಿಯ ಮನಸ್ಸು ನೊಂದೀತೆಂದು ಆಕೆಯಿಂದ ಈ ಸಂಗತಿಯನ್ನು ಮುಚ್ಚಿಟ್ಟನು. ಕೆಲಕಾಲದ ಮೇಲೆ ಗೊತ್ತಾದುದೇನೆಂದರೆ, ಆಕೆಗೆ ಮದುವೆಗೆ ಮೊದಲೇ ಎಲ್ಲವೂ ತಿಳಿದಿದ್ದಿತು; ತಿಳಿದೇ ಆತನ ಕೈಹಿಡಿದಿದ್ದಳು. ವೈದ್ಯರು ಆಕೆಗೆ ಹೇಳಿದ್ದರು, ಅಣ್ಣತಮ್ಮಂದಿರಿಗೆ ಹೇಳಿದ್ದರು. ರೋಗವು ಯಾರ ಮೈಯಲ್ಲಿದ್ದಿತೋ ಆತನಿಗೆ ಮಾತ್ರ ಹೇಳಿರಲಿಲ್ಲ. ಬಾರ್ಬೆಲಿಯನ್ ಎಂಬ ಕಲ್ಪಿತನಾಮದಿಂದ ಆತನ ದಿನಚರಿಯು 1919ರ ಮಾರ್ಚಿಯಲ್ಲಿ ಎಚ್. ಜಿ. ವೆಲ್ಸನ ಮುನ್ನುಡಿಯೊಡನೆ ಹೊರಬಂದಿತು. ಅದೇ ಅಕ್ಟೋಬರಿನಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಡೆಸ್ಟೆಗೆ ಹೇಳಲು ವೈದ್ಯರಿಗೆ ಏನೂ ತಿಳಿದಿರಲಿಲ್ಲ; ಇವನ ವೈದ್ಯರಿಗೆ ತಿಳಿದಿದ್ದಿತು, ಹೇಳಲಿಲ್ಲ.

ಕಾರಣದ ಶೋಧನೆಯು ಬೇರೊಂದು ದಾರಿಯಿಂದ ಬಂದಿತು. ಆ ದಾರಿಯು ಭಾರತವನ್ನೂ ಕನ್ನಡನಾಡನ್ನೂ ಹಾದುಹೋಗಿದೆ. ಹುಚ್ಚುನಾಯಿಯ ಕಡಿತಕ್ಕೆ ಪಾಸ್ಚರನು 1885ರಲ್ಲಿ ಕಂಡುಹಿಡಿದ ಚುಚ್ಚುಮದ್ದನ್ನು ರೋಗ ತಗಲಿದ ಪ್ರಾಣಿಗಳ ನರದಿಂದಲೇ ಮಾಡುತ್ತಿದ್ದರು. 1911ರಲ್ಲಿ ಡೇವಿಡ್ ಸೆಂಪಲ್ಲನು ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಅದನ್ನು ಮಾರ್ಪಡಿಸಿದನು. ಕುರಿಯ ಮಿದುಳಿನಿಂದ ಮಾಡಿದ ಈ ಮದ್ದೇ ಭಾರತದಲ್ಲಿ ತೊಂಬತ್ತು ವರ್ಷಗಳಿಗೂ ಮಿಕ್ಕಿ ಬಳಕೆಯಲ್ಲಿದ್ದಿತು. ಹೊಟ್ಟೆಗೆ ಹದಿನಾಲ್ಕು ಸೂಜಿಗಳೆಂದರೆ ಹಳ್ಳಿಹಳ್ಳಿಯ ಮಕ್ಕಳೂ ನಡುಗುತ್ತಿದ್ದುದು ಇದಕ್ಕೇ. ಸಾವಿರಾರು ಜನರನ್ನು ಅದು ಉಳಿಸಿತು. ಆದರೆ ಸೂಜಿ ಹಾಕಿಸಿಕೊಂಡವರಲ್ಲಿ ಅಪರೂಪಕ್ಕೊಬ್ಬರಿಗೆ, ಒಂದೆರಡು ವಾರಗಳಲ್ಲಿ, ಜ್ವರವೂ ಬೆನ್ನುನೋವೂ ಬಂದು, ಮೂತ್ರ ಕಟ್ಟಿ, ಕಾಲು ಬೀಳುತ್ತಿದ್ದಿತು. ನಾಯಿಯ ವಿಷವೇ ತಲೆಗೇರಿತೆಂದು ಮನೆಯವರು ಆಶೆ ಬಿಡುತ್ತಿದ್ದರು. ಏರಿದ್ದುದು ವಿಷವಲ್ಲ, ಕುರಿಯ ಮಿದುಳಿನ ಮಯಲಿನ್ನಿನ ಮೇಲೆ ಎದ್ದ ದೇಹದ ಕಾವಲುಪಡೆಯು ತನ್ನ ಮಯಲಿನ್ನನ್ನೂ ಬಿಡದೆ ಹಿಡಿದಿದ್ದಿತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸನು ಈ ಅಪಘಾತಗಳ ಮರ್ಮವನ್ನು ಹುಡುಕುತ್ತ, ರೋಗವಿಲ್ಲದ ಮೊಲದ ಮಿದುಳಿನ ದ್ರವವನ್ನು ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿ, ಕೆಲವು ಕೋತಿಗಳ ಕೈಕಾಲು ಬಿದ್ದುದನ್ನೂ ಅವುಗಳ ನರಗಳ ಹೊದಿಕೆ ಕರಗಿದುದನ್ನೂ 1933ರಲ್ಲಿಯೂ 1935ರಲ್ಲಿಯೂ ಪ್ರಕಟಿಸಿದನು. ಕ್ರಿಮಿಯಿಲ್ಲದೆ, ವಿಷವಿಲ್ಲದೆ, ದೇಹವು ತನ್ನ ನರವನ್ನು ತಾನೇ ಕೆಡಿಸಿಕೊಳ್ಳಬಹುದೆಂಬುದಕ್ಕೆ ಅದು ಮೊದಲ ದೃಢವಾದ ಸಾಕ್ಷ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಸೆಂಪಲ್ ಬಗೆಯ ಮದ್ದಿನಿಂದ ಹೀಗೆ ನರಕೆಟ್ಟವರನ್ನು ಪರೀಕ್ಷಿಸಿ 1980ರ ದಶಕದಲ್ಲಿ ವರದಿಗಳನ್ನು ಪ್ರಕಟಿಸಿದರು. ಭಾರತದಲ್ಲಿ ಆ ಮದ್ದಿನ ತಯಾರಿಕೆಯು 2004ರ ಕೊನೆಗೆ ನಿಂತಿತು. ಈಗ ತೋಳಿಗೆ ಹಾಕುವ ಮದ್ದಿನಲ್ಲಿ ಮಿದುಳಿನ ಅಂಶವಿಲ್ಲ.

ಮಲ್ಟಿಪಲ್ ಸ್ಕ್ಲೆರೋಸಿಸ್ಸಿನಲ್ಲಿ ಕಾವಲುಪಡೆಯ ದಾರಿಯನ್ನು ತಪ್ಪಿಸುವುದೇನೆಂಬುದಕ್ಕೆ ಪೂರ್ಣವಾದ ಉತ್ತರವು ಇನ್ನೂ ಬಂದಿಲ್ಲ. ಅಮೆರಿಕದ ಒಂದು ಕೋಟಿ ಸೈನಿಕರ ದಾಖಲೆಗಳನ್ನು ಶೋಧಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವು, ಎಪ್‌ಸ್ಟೈನ್ ಬಾರ್ ಎಂಬ ಅತಿಸಾಮಾನ್ಯವಾದ ವೈರಸ್ಸು ತಗಲಿದ ಬಳಿಕ ಈ ರೋಗದ ಸಂಭವವು 32 ಪಾಲು ಹೆಚ್ಚುವುದೆಂದು ತೋರಿಸಿತು. ಆ ವೈರಸ್ಸು ತಗಲಿದವರಲ್ಲಿ ಬಹುಮಂದಿಗೆ ಏನೂ ಆಗುವುದಿಲ್ಲವಾದ್ದರಿಂದ ಉಳಿದ ಕಾರಣಗಳ ಹುಡುಕಾಟವು ನಡೆದಿದೆ. ರೋಗದ ಬಿರುಸನ್ನು ತಗ್ಗಿಸುವ ಔಷಧಗಳು 1993ರಿಂದ ಈಚೆಗೆ ಒಂದೊಂದಾಗಿ ಬಂದಿವೆ. ಅವು ಹೊಸ ದಾಳಿಗಳನ್ನು ತಡೆಯಬಲ್ಲುವು. ಕೆಟ್ಟುಹೋದ ನರವನ್ನು ಮರಳಿ ಕೊಡಲಾರವು. ಆದುದರಿಂದ ಮೊದಲನೆಯ ಮಬ್ಬಿಗೂ ಎರಡನೆಯದಕ್ಕೂ ನಡುವೆ ರೋಗವು ಗೊತ್ತಾಗುವುದು ಈಗ ಬರಿಯ ಪಾಂಡಿತ್ಯದ ಮಾತಾಗಿ ಉಳಿದಿಲ್ಲ. ರೋಗಿಯು ನಡೆಯುವನೋ ಗಾಲಿಯ ಕುರ್ಚಿಯನ್ನು ಹಿಡಿಯುವನೋ ಎಂಬುದು ಎಷ್ಟೋ ವೇಳೆ ಅದರ ಮೇಲೆ ನಿಂತಿದೆ.

ಡೆಸ್ಟೆಯ ದಿನಚರಿಯು ತೊಂಬತ್ತು ವರ್ಷಗಳಿಗೂ ಮಿಕ್ಕಿ ಅಜ್ಞಾತವಾಗಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಡಗ್ಲಸ್ ಫರ್ತ್ ಎಂಬ ವೈದ್ಯನ ಕೈಸೇರಿ, 1941ರಲ್ಲಿ ಆತನು ಅದರ ವಿಷಯವನ್ನು ವೈದ್ಯರ ಮುಂದಿಟ್ಟನು. 1948ರಲ್ಲಿ, ಡೆಸ್ಟೆಯು ಸತ್ತು ಸರಿಯಾಗಿ ನೂರು ವರ್ಷಗಳಾದಾಗ, ಕೇಂಬ್ರಿಜಿನಿಂದ ಪುಸ್ತಕವಾಗಿ ಹೊರಬಂದಿತು. ಮೂಲಪ್ರತಿಯು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯಲ್ಲಿದೆ. 1981ರಿಂದ ಕಾಂತಶಕ್ತಿಯ ಯಂತ್ರಗಳು ಬದುಕಿರುವವರ ಮಿದುಳಿನಲ್ಲಿಯೇ ಕಾರ್ಸ್‌ವೆಲ್ಲನು ಬಣ್ಣಹಾಕಿದ ಕಲೆಗಳನ್ನು ತೋರಿಸುತ್ತಿವೆ. ಆದರೂ ರೋಗವನ್ನು ನಿರ್ಣಯಿಸಲು, ಹಾನಿಯು ಬೇರೆ ಬೇರೆ ಎಡೆಗಳಲ್ಲಿ ಬೇರೆ ಬೇರೆ ಕಾಲಗಳಲ್ಲಿ ಆಗಿದೆಯೇ ಎಂದು ವಿಚಾರಿಸುವ ಪದ್ಧತಿಯು ತಪ್ಪಿಲ್ಲ. ಹಾಗಾಗಿ ಕಾಲು ಸೋತುಬಂದ ತರುಣನನ್ನೋ ತರುಣಿಯನ್ನೋ ಎದುರಿಗೆ ಕೂರಿಸಿಕೊಂಡ ನರವೈದ್ಯನು, ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ, ಕಾಲಿನ ಮಾತನ್ನು ಅಲ್ಲಿಗೆ ನಿಲ್ಲಿಸಿ, ಕೆಲವು ವರ್ಷಗಳ ಹಿಂದೆ ಎಂದಾದರೂ ಒಂದು ಕಣ್ಣು ಮಬ್ಬಾಗಿ, ಔಷಧವಿಲ್ಲದೆಯೇ ತಿಳಿಯಾದದ್ದುಂಟೇ ಎಂದು ಕೇಳುವನು.